ಅರ್ಥ್ ಯಾರ ಹೊಣೆ?

ಮನೆಯ ಮೀಟರ್ ಬೋರ್ಡಿನ ಹತ್ತಿರ, ಕೈಗೆಟುಕುವ ಜಾಗದಲ್ಲಿ, ಗ್ರಾಹಕನ ಬಳಕೆಗೆಂದು ಒಂದು ಅರ್ಥ್ ಟರ್ಮಿನಲ್ ಇರಬೇಕು. ಅದನ್ನು ಒದಗಿಸಬೇಕಾದವರು, ಒದಗಿಸಿದ ಮೇಲೆ ಸುಸ್ಥಿತಿಯಲ್ಲಿ ಇಡಬೇಕಾದವರು ವಿದ್ಯುತ್ ಸರಬರಾಜುದಾರರು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 33ನೆಯದು ಹೀಗೆ ಹೇಳಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಯಮಗಳನ್ನು ಹೊಸದಾಗಿ ಬರೆದಾಗಲೂ ಆ ಮಾತು 16ನೇ ನಿಯಮವಾಗಿ ಉಳಿದುಕೊಂಡಿತು. ಈಗ ಎದ್ದು ಹೋಗಿ ನಿಮ್ಮ ಮೀಟರ್ ಬೋರ್ಡನ್ನು ನೋಡಿ. ಕಂಬದಿಂದ ಬಂದ ಸರ್ವಿಸ್ ವೈರಿನಲ್ಲಿ ಫೇಸ್ ಇದೆ, ನ್ಯೂಟ್ರಲ್ ಇದೆ. ಅರ್ಥ್ ಎಲ್ಲಿಂದ ಬಂದಿದೆ? ನಮ್ಮ ಹೆಚ್ಚಿನ ಮನೆಗಳಲ್ಲಿ ಅದು ಕಂಬದಿಂದ ಬಂದದ್ದಲ್ಲ. ಮನೆ ಕಟ್ಟುವಾಗ ವೈರ್‌ಮನ್ ಕಾಂಪೌಂಡಿನ ಮೂಲೆಯಲ್ಲಿ ತೋಡಿಸಿ, ಜಿಐ ಪೈಪ್ ನಿಲ್ಲಿಸಿ, ಉಪ್ಪು–ಇದ್ದಿಲು ತುಂಬಿಸಿದ ಗುಂಡಿಯಿಂದ ಬಂದದ್ದು.

ನಿಯಮದಲ್ಲಿ ಒಂದು ಕಿಂಡಿಯೂ ಇತ್ತು. ಸರ್ಕಾರ ಗೊತ್ತುಮಾಡಿದ ದಿನಾಂಕಕ್ಕೆ ಮೊದಲೇ ಸಂಪರ್ಕ ಪಡೆದಿದ್ದವರ ಸ್ವಂತ ಅರ್ಥಿಂಗ್ ಸಮರ್ಪಕವಾಗಿದೆ ಎಂದು ಸರಬರಾಜುದಾರನಿಗೆ ಮನವರಿಕೆಯಾದರೆ ಟರ್ಮಿನಲ್ ಕೊಡದೆ ಇರಬಹುದಿತ್ತು. ಹಳೆಯ ಸಂಪರ್ಕಗಳಿಗೆಂದು ಬಿಟ್ಟ ಆ ಕಿಂಡಿಯೇ ರೂಢಿಯಲ್ಲಿ ಹೆಬ್ಬಾಗಿಲಾಗಿದೆ. ಮನೆಯ ಅರ್ಥ್ ಎಂದರೆ ಮನೆಯವರದು, ಅಂದರೆ ವೈರ್‌ಮನ್‌ನದು ಎಂಬುದನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಆದರೆ ಅರ್ಥಿಂಗ್‌ನ ವಿಜ್ಞಾನವನ್ನು ಸ್ವಲ್ಪ ಬಿಡಿಸಿ ನೋಡಿದರೆ ಈ ಹಂಚಿಕೆ ನಿಲ್ಲುವುದಿಲ್ಲ.

ಉಪಕರಣದ ಲೋಹದ ಬಾಡಿಗೆ ಬಂದ ಕರೆಂಟನ್ನು ಅರ್ಥ್ ವೈರ್ ಭೂಮಿಗೆ ಬಿಟ್ಟುಬಿಡುತ್ತದೆ, ಭೂಮಿ ಅದನ್ನು ನುಂಗಿಬಿಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಭೂಮಿ ಏನನ್ನೂ ನುಂಗುವುದಿಲ್ಲ. ವಿದ್ಯುತ್ ಪ್ರವಾಹ ಎಲ್ಲಿಂದ ಹೊರಟಿತೋ ಅಲ್ಲಿಗೇ ಮರಳಬೇಕು. ನಮ್ಮ ಬೀದಿಯ ಮಟ್ಟಿಗೆ ಅದು ಹೊರಡುವುದು ಟಿಸಿಯಿಂದ, ಅಂದರೆ 11 ಸಾವಿರ ವೋಲ್ಟನ್ನು ಇಳಿಸಿ ಪ್ರತಿ ಫೇಸಿಗೆ 230 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರಿನ ಸುರುಳಿಯಿಂದ. ಗೀಸರಿನ ಒಳಗೆ ಫೇಸ್ ವೈರು ಬಾಡಿಗೆ ತಗುಲಿತು ಎನ್ನಿ. ಪ್ರವಾಹ ಬಾಡಿಯಿಂದ ಅರ್ಥ್ ವೈರಿಗೆ, ಅಲ್ಲಿಂದ ನಿಮ್ಮ ಗುಂಡಿಗೆ, ಗುಂಡಿಯಿಂದ ಮಣ್ಣಿಗೆ ಇಳಿಯುತ್ತದೆ. ಮಣ್ಣಿನ ಮೂಲಕ ಸಾಗಿ, ಟಿಸಿಯ ಕೆಳಗೆ ಸರಬರಾಜುದಾರ ಕಂಪನಿಯಾದ ಎಸ್ಕಾಂ ಹೂಳಿರುವ ನ್ಯೂಟ್ರಲ್ ಅರ್ಥ್ ಪೈಪನ್ನು ಹತ್ತಿ ಸುರುಳಿಗೆ ಮರಳುತ್ತದೆ. ಈ ಸುತ್ತಿನಲ್ಲಿ ಅರ್ಧ ನಿಮ್ಮದು, ಇನ್ನರ್ಧ ಎಸ್ಕಾಮಿನದು. ಎರಡರಲ್ಲಿ ಯಾವುದು ಕಡಿದರೂ ಸುತ್ತು ಕಡಿದಂತೆ. ಟಿಸಿಯ ನ್ಯೂಟ್ರಲ್ಲನ್ನು ಎರಡು ಪ್ರತ್ಯೇಕ ದಾರಿಯಲ್ಲಿ, ಎರಡು ಬೇರೆ ಬೇರೆ ಎಲೆಕ್ಟ್ರೋಡುಗಳಿಗೆ ಜೋಡಿಸಬೇಕೆಂದು ನಿಯಮ ಹೇಳುವುದು ಇದೇ ಕಾರಣಕ್ಕೆ. ಒಂದು ತುಕ್ಕು ಹಿಡಿದರೆ, ಅಥವಾ ಯಾರಾದರೂ ಕತ್ತರಿಸಿ ಗುಜರಿಗೆ ಹಾಕಿದರೆ, ಇನ್ನೊಂದಾದರೂ ಇರಲಿ ಎಂದು.

ಗುಂಡಿಯ ಅಡೆತಡೆ, ಅಂದರೆ ರೆಸಿಸ್ಟೆನ್ಸ್, ಎಷ್ಟಿರುತ್ತದೆ? ಎರಡೂವರೆ ಮೀಟರ್ ಉದ್ದದ, ನಾಲ್ಕು ಸೆಂಟಿಮೀಟರ್ ದಪ್ಪದ ಜಿಐ ಪೈಪನ್ನು ಸಾಧಾರಣ ಮಣ್ಣಿನಲ್ಲಿ ನಿಲ್ಲಿಸಿದರೆ ಲೆಕ್ಕದ ಪ್ರಕಾರ ಸುಮಾರು 33 ಓಂ ಬರುತ್ತದೆ. ಇಲ್ಲಿ ಸಾಧಾರಣ ಎಂದರೆ ನೂರು ಓಂ-ಮೀಟರ್ ರೋಧಕತೆಯ ಮಣ್ಣು. ಗದಗ–ಧಾರವಾಡದ ಎರೆಮಣ್ಣು ಒದ್ದೆಯಿದ್ದಾಗ ಆ ರೋಧಕತೆ ಹತ್ತಕ್ಕೆ ಇಳಿಯಬಹುದು, ಆಗ ಅದೇ ಪೈಪಿಗೆ ಮೂರು ಓಂ ಚಿಲ್ಲರೆ. ಕೋಲಾರ, ಚಿತ್ರದುರ್ಗದ ಕಲ್ಲುಭೂಮಿಯಲ್ಲಿ ಅದು ಸಾವಿರ ಮುಟ್ಟಿದರೆ ಅದೇ ಪೈಪು 330 ಓಂ ತೋರಿಸುತ್ತದೆ. ಈ ಅಡೆತಡೆಯ ಬಹುಪಾಲು ಇರುವುದು ಪೈಪಿನ ಸುತ್ತಲಿನ ಕೆಲವೇ ಅಡಿ ಮಣ್ಣಿನಲ್ಲಿ. ಅಲ್ಲಿ ಪ್ರವಾಹಕ್ಕೆ ಸಿಗುವ ಜಾಗ ಇಕ್ಕಟ್ಟು. ಅದನ್ನು ದಾಟಿದರೆ ಇಡೀ ಭೂಮಿಯೇ ದಾರಿಯಾಗುವುದರಿಂದ ಟಿಸಿ ನೂರು ಮೀಟರ್ ದೂರವಿದ್ದರೂ ಅರ್ಧ ಕಿಲೋಮೀಟರ್ ದೂರವಿದ್ದರೂ ಹೆಚ್ಚು ವ್ಯತ್ಯಾಸವಾಗದು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ ಎಂದು ಹಿರಿಯ ವೈರ್‌ಮನ್‌ಗಳು ಹೇಳುವುದು ಇದಕ್ಕೇ. ಪೈಪಿನ ಬುಡದ ಮಣ್ಣು ಒಣಗಿದರೆ ಅರ್ಥ್ ಹೋದಂತೆಯೇ. ಉಪ್ಪು ಮಳೆಯಲ್ಲಿ ಕರಗಿ ಹೋಗುತ್ತದೆ, ಹೋಗುವ ಮುಂಚೆ ಪೈಪನ್ನೂ ತಿನ್ನುತ್ತದೆ. ಒಮ್ಮೆ ತುಂಬಿ ಮುಚ್ಚಿಟ್ಟರೆ ಮುಗಿಯುವ ಕೆಲಸ ಅದಲ್ಲ.

ಈಗ ಗೀಸರಿಗೆ ಮರಳೋಣ. ಮನೆಯ ಗುಂಡಿ 30 ಓಂ, ಟಿಸಿಯದು 3 ಓಂ. 230 ವೋಲ್ಟನ್ನು 33ರಿಂದ ಭಾಗಿಸಿದರೆ ಹರಿಯುವ ಪ್ರವಾಹ 7 ಆಂಪಿಯರ್. ಪ್ರವಾಹ ಮಿತಿ ಮೀರಿದರೆ ತಾನಾಗಿ ಬಿದ್ದು ಸಂಪರ್ಕ ಕಡಿಯುವ ಗೀಸರಿನ ಎಂಸಿಬಿ 16 ಆಂಪಿಯರಿನದು. ಅದಕ್ಕೆ 7 ಆಂಪಿಯರ್ ಒಂದು ಭಾರವೇ ಅಲ್ಲ, ದಿನವಿಡೀ ಹರಿದರೂ ಅದು ಬೀಳುವುದಿಲ್ಲ. ಸಿ ವರ್ಗದ 16 ಆಂಪಿಯರ್ ಎಂಸಿಬಿ ತಕ್ಷಣ ಬೀಳುತ್ತದೆಂಬ ಖಾತರಿ ಬೇಕಾದರೆ 160 ಆಂಪಿಯರ್ ಹರಿಯಬೇಕು. ಅಂದರೆ ಹೋಗಿಬರುವ ಇಡೀ ಸುತ್ತಿನ ಅಡೆತಡೆ ಒಂದೂವರೆ ಓಂ ಒಳಗಿರಬೇಕು. ಮಣ್ಣಿನಲ್ಲಿ ನೆಟ್ಟ ಒಂದು ಪೈಪಿನಿಂದ ಅದು ಆಗದ ಮಾತು. ಇನ್ನೂ ಕೆಟ್ಟ ಸಂಗತಿಯಿದೆ. ಆ 7 ಆಂಪಿಯರ್ ಹರಿಯುವಷ್ಟು ಹೊತ್ತೂ ಗೀಸರಿನ ಬಾಡಿ 210 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಅದೇ ಅರ್ಥ್ ವೈರಿಗೆ ಜೋಡಿಸಿರುವ ಫ್ರಿಜ್, ವಾಷಿಂಗ್ ಮೆಷಿನ್, ಮಿಕ್ಸಿಯ ಸಾಕೆಟ್ಟಿನ ಅರ್ಥ್ ಪಿನ್ ಎಲ್ಲವೂ ಅಷ್ಟೇ ವೋಲ್ಟಿಗೆ ಏರಿರುತ್ತವೆ. ಕೆಟ್ಟದ್ದು ಬಚ್ಚಲುಮನೆಯ ಗೀಸರು, ಕರೆಂಟ್ ಹೊಡೆಯುವುದು ಅಡುಗೆಮನೆಯ ಫ್ರಿಜ್ಜು. ಫ್ರಿಜ್ ಕಂಪನಿಯನ್ನು ಬೈಯುವ ಎಷ್ಟೋ ಮನೆಗಳಲ್ಲಿ ಹುಡುಕಬೇಕಾದ ದೋಷ ಬೇರೆ ಕೋಣೆಯಲ್ಲಿರುತ್ತದೆ.

ಇದನ್ನೇಕೆ ವೈರ್‌ಮನ್ ಮೊದಲೇ ಕಂಡುಹಿಡಿಯುವುದಿಲ್ಲ? ಅವನ ಕೈಯಲ್ಲಿರುವ ಉಪಕರಣ ಟೆಸ್ಟ್ ಲ್ಯಾಂಪ್. ಫೇಸಿಗೂ ಅರ್ಥಿಗೂ ನಡುವೆ 100 ವ್ಯಾಟಿನ ಬಲ್ಬ್ ಹಿಡಿದು, ಅದು ಚೆನ್ನಾಗಿ ಉರಿದರೆ ಅರ್ಥ್ ಚೆನ್ನಾಗಿದೆ ಎಂದು ತೀರ್ಮಾನಿಸುವುದು ಹಳೆಯ ಪದ್ಧತಿ. ಆ ಬಲ್ಬಿನ ಸ್ವಂತ ಅಡೆತಡೆಯೇ 529 ಓಂ. ಅದರೊಂದಿಗೆ 33 ಓಂ ಸೇರಿದರೆ ಬಲ್ಬಿಗೆ ಇನ್ನೂ 216 ವೋಲ್ಟ್ ಸಿಗುತ್ತದೆ, ಝಗ್ಗನೆ ಉರಿಯುತ್ತದೆ. ನೂರು ಓಂ ಸೇರಿದರೂ 193 ವೋಲ್ಟ್ ಸಿಗುತ್ತದೆ, ತುಸು ಮಂಕು ಅಷ್ಟೆ. ಅರ್ಥ್ ಪೂರ್ತಿ ಕಡಿದುಹೋಗಿದೆಯೇ ಎಂಬುದನ್ನಷ್ಟೇ ಬಲ್ಬ್ ಹೇಳಬಲ್ಲದು, ಎಂಸಿಬಿ ಬೀಳಿಸುವಷ್ಟು ಒಳ್ಳೆಯದೇ ಎಂಬುದನ್ನು ಹೇಳಲಾರದು. ಅದಕ್ಕೆ ಅರ್ಥ್ ಟೆಸ್ಟರ್ ಬೇಕು, ಅಥವಾ ಸಾಕೆಟ್ಟಿಗೆ ಸಿಕ್ಕಿಸಿ ಇಡೀ ಸುತ್ತನ್ನು ಒಂದೇ ಬಾರಿ ಅಳೆಯುವ ಲೂಪ್ ಟೆಸ್ಟರ್ ಬೇಕು. ಎರಡನೆಯದು ಇಲ್ಲಿ ಮುಖ್ಯ. ವೈರ್‌ಮನ್‌ಗೆ ಎಸ್ಕಾಮಿನ ಸೀಲ್ ಮುಟ್ಟುವ ಹಕ್ಕಿಲ್ಲ, ಕಂಬ ಹತ್ತುವ ಹಕ್ಕಿಲ್ಲ, ಟಿಸಿಯ ಬೇಲಿಯೊಳಗೆ ಕಾಲಿಡುವ ಹಕ್ಕಿಲ್ಲ. ಆದರೆ ಲೂಪ್ ಟೆಸ್ಟರ್ ಇದ್ದರೆ, ಮನೆಯ ಸಾಕೆಟ್ಟಿನ ಮುಂದೆ ಕೂತಲ್ಲಿಂದಲೇ ಟಿಸಿಯ ಅರ್ಥಿನ ಆರೋಗ್ಯವೂ ಸೇರಿದ ಒಂದು ಅಂಕಿ ಅವನಿಗೆ ಸಿಗುತ್ತದೆ.

ಆ ಅಂಕಿ ಕೈಯಲ್ಲಿಲ್ಲದಾಗ ಎಸ್ಕಾಮಿನ ಸೆಕ್ಷನ್ ಆಫೀಸಿನ ಮಾತುಕತೆ ಬಹುಮಟ್ಟಿಗೆ ಹೀಗೇ ಇರುತ್ತದೆ. “ಸಾರ್, ಟಿಸಿ ಕಡೆ ಅರ್ಥ್ ಸರಿ ಇಲ್ಲ ಅನ್ಸುತ್ತೆ, ಒಂದ್ಸಲ ನೋಡಿಸಿ ಸಾರ್.” “ಮೀಟರಿಂದ ಈಚೆಗೆಲ್ಲ ನಿಮ್ದೇ ಕಣಪ್ಪಾ. ನಿಮ್ಮ ಪಿಟ್ಟಿಗೆ ಎರಡು ಕೊಡ ನೀರು ಹುಯ್ಸಿ ನೋಡು.” ಇಬ್ಬರೂ ಊಹೆಯ ಮೇಲೆ ಮಾತನಾಡುತ್ತಿದ್ದಾರೆ. ಗೆಲ್ಲುವುದು ಕುರ್ಚಿಯಲ್ಲಿ ಕೂತವರ ಊಹೆ.

ನೀರು ಹೊಯ್ದೂ ಸರಿಹೋಗದಿದ್ದಾಗ ಕೆಲವು ವೈರ್‌ಮನ್‌ಗಳು ಒಂದು ಉಪಾಯ ಮಾಡುತ್ತಾರೆ. ಸಾಕೆಟ್ಟಿನ ಒಳಗೋ ಮೇನ್ ಬೋರ್ಡಿನಲ್ಲೋ ನ್ಯೂಟ್ರಲ್ಲಿಗೂ ಅರ್ಥಿಗೂ ಒಂದು ತುಂಡು ವೈರಿನಿಂದ ಲೂಪ್ ಹಾಕಿಬಿಡುತ್ತಾರೆ. ತಕ್ಷಣಕ್ಕೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ನ್ಯೂಟ್ರಲ್ ದಪ್ಪ ಲೋಹದ ತಂತಿ, ನೇರ ಟಿಸಿಗೆ ಹೋಗುತ್ತದೆ. ಬಾಡಿಗೆ ಫೇಸ್ ತಗುಲಿದರೆ ನೂರಾರು ಆಂಪಿಯರ್ ಹರಿದು ಎಂಸಿಬಿ ಪಟ್ಟನೆ ಬೀಳುತ್ತದೆ. ಯುಪಿಎಸ್ ದೂರುವುದಿಲ್ಲ, ಅರ್ಥ್ ಸರಿಯಿಲ್ಲವೆಂದು ಹಟ ಹಿಡಿದಿದ್ದ ಸ್ಕೂಟರ್ ಚಾರ್ಜರ್ ಕೂಡ ಚಾರ್ಜ್ ಮಾಡತೊಡಗುತ್ತದೆ. ಆದರೆ ಕಂಬದ ಮೇಲೆ ನ್ಯೂಟ್ರಲ್ಲಿನ ಜಂಪರ್ ಕಳಚಿದ ದಿನ ಏನಾಗುತ್ತದೆ? ಯಾವ ಉಪಕರಣವೂ ಕೆಡಬೇಕಾಗಿಲ್ಲ. ಯಾರೋ ಒಂದು ಟ್ಯೂಬ್‌ಲೈಟಿನ ಸ್ವಿಚ್ ಒತ್ತುತ್ತಾರೆ. ಪ್ರವಾಹ ಟ್ಯೂಬ್‌ಲೈಟನ್ನು ದಾಟಿ ನ್ಯೂಟ್ರಲ್ಲಿಗೆ ಬರುತ್ತದೆ, ಗುಂಡಿಯೂ ಕೆಟ್ಟಿರುವುದರಿಂದ ಮುಂದೆ ದಾರಿಯಿಲ್ಲ. ಲೂಪಿನ ಮೂಲಕ ಮನೆಯ ಅಷ್ಟೂ ಲೋಹದ ಬಾಡಿಗಳಿಗೆ ಫೇಸ್ ಬಂದು ನಿಲ್ಲುತ್ತದೆ. ಫ್ರಿಜ್ಜಿನ ಹಿಡಿ ಮುಟ್ಟಿದ ಮಗುವಿನ ಮೈಯೇ ಆಗ ಮಣ್ಣಿಗೆ ದಾರಿ. ಹೊರಗೆ ನ್ಯೂಟ್ರಲ್ ಹೋದಾಗ ಬೀದಿಯಲ್ಲಿ ಕಾಣುವ ಲಕ್ಷಣ ನಿಮಗೆ ಗೊತ್ತಿರಬಹುದು. ಒಂದು ಮನೆಯಲ್ಲಿ ಬಲ್ಬು ಮಿಣುಕು, ಪಕ್ಕದ ಮನೆಯಲ್ಲಿ ಕಣ್ಣು ಕುಕ್ಕುವ ಬೆಳಕು, ಆಮೇಲೆ ಟಿವಿ ಸುಟ್ಟ ವಾಸನೆ. ಎರಡು ಫೇಸಿನ ಎರಡು ಮನೆಗಳು 400 ವೋಲ್ಟಿನ ನಡುವೆ ಸಾಲಾಗಿ ಸಿಕ್ಕಿಕೊಂಡಿರುತ್ತವೆ. ಒಂದರಲ್ಲಿ ಸಾವಿರ ವ್ಯಾಟ್, ಇನ್ನೊಂದರಲ್ಲಿ ನೂರು ವ್ಯಾಟ್ ಬಳಕೆಯಿದ್ದರೆ ಕಡಿಮೆ ಬಳಸುವ ಮನೆಗೆ ಸುಮಾರು 360 ವೋಲ್ಟ್ ಹೋಗುತ್ತದೆ.

ಹಾಗಾದರೆ ನ್ಯೂಟ್ರಲ್ಲನ್ನು ಅರ್ಥಿಗೆ ಸೇರಿಸುವುದೇ ತಪ್ಪೇ? ಅಲ್ಲ. ಬ್ರಿಟನ್ನಿನಲ್ಲಿ ಹೊಸ ಮನೆಗಳಿಗೆ ಸಾಮಾನ್ಯವಾಗಿ ಕೊಡುವುದೇ ಆ ಬಗೆಯ ಅರ್ಥ್. ಅಲ್ಲಿನ 2002ರ ವಿದ್ಯುತ್ ಸುರಕ್ಷತಾ ನಿಯಮಗಳಲ್ಲಿ 24ನೆಯದು ಹೊಸ ಸಂಪರ್ಕ ಕೊಡುವ ಜಾಲ ಕಂಪನಿಗೆ ಸ್ಪಷ್ಟ ಹೊಣೆ ಹೊರಿಸಿದೆ. ಸುರಕ್ಷತೆಯ ದೃಷ್ಟಿಯಿಂದ ಸಲ್ಲದು ಎಂದು ತೋರಿಸಲಾಗದಿದ್ದರೆ, ತನ್ನ ನ್ಯೂಟ್ರಲ್ಲನ್ನೋ ರಕ್ಷಣಾ ತಂತಿಯನ್ನೋ ಗ್ರಾಹಕನ ಅರ್ಥಿಗೆ ಒದಗಿಸಲೇಬೇಕು. ನಮ್ಮ ವೈರ್‌ಮನ್ ಸಾಕೆಟ್ಟಿನಲ್ಲಿ ಹಾಕುವ ಲೂಪನ್ನೇ ಅಲ್ಲಿ ಕಂಪನಿ ತನ್ನ ಸೀಲಿನೊಳಗೆ ಹಾಕುತ್ತದೆ. ವ್ಯತ್ಯಾಸ ಇರುವುದು ಆ ಲೂಪಿನ ಆಚೆ. ಕಂಪನಿ ತನ್ನ ನ್ಯೂಟ್ರಲ್ಲನ್ನು ದಾರಿಯುದ್ದಕ್ಕೂ ಹಲವು ಕಡೆ ಭೂಮಿಗೆ ಜೋಡಿಸಿರುತ್ತದೆ, ಅದನ್ನು ಕಾಪಾಡುವ ಹೊಣೆ ಕಾನೂನಿನಲ್ಲಿ ಅದರ ಹೆಸರಿನಲ್ಲಿರುತ್ತದೆ. ಅಷ್ಟಾಗಿಯೂ ನ್ಯೂಟ್ರಲ್ ಕಡಿದರೆ ಅಪಾಯ ಅದೇ, ಆಗ ಸೋರಿಕೆಯನ್ನು ಪತ್ತೆಹಚ್ಚಿ ಕರೆಂಟ್ ಕಡಿಯುವ ಆರ್‌ಸಿಸಿಬಿ ಕೂಡ ಕಾಪಾಡೀತೆಂಬ ಖಾತರಿಯಿಲ್ಲ. ಆದ್ದರಿಂದಲೇ ಕ್ಯಾರವಾನ್ ಮತ್ತು ದೋಣಿಗಳ ಲೋಹದ ಭಾಗಗಳಿಗೆ ಈ ಬಗೆಯ ಅರ್ಥ್ ಅಲ್ಲಿ ನಿಷಿದ್ಧ. ಮನೆಯ ಹೊರಗಿನ ಕಾರ್ ಚಾರ್ಜರುಗಳಿಗೂ ನ್ಯೂಟ್ರಲ್ ಕಡಿದದ್ದನ್ನು ಪತ್ತೆಹಚ್ಚುವಂಥ ಪ್ರತ್ಯೇಕ ರಕ್ಷಣೆ ಬೇಕು.

ಜಗಳ ಅಲ್ಲೂ ಇದೆ. ಹಳೆಯ ಬಡಾವಣೆಗಳಲ್ಲಿ ನೆಲದಡಿಯ ಕೇಬಲ್ಲಿನ ಸೀಸದ ಹೊದಿಕೆಯೇ ಅರ್ಥ್. ದಶಕಗಳ ನಂತರ ಅದರ ಜೋಡಣೆಗಳು ಹಾಳಾಗುತ್ತವೆ. ಎಲೆಕ್ಟ್ರಿಷಿಯನ್ ಅಳೆಯುತ್ತಾನೆ. ಆ ಬಗೆಯ ಅರ್ಥಿಗೆ ಕಂಪನಿಗಳು ಸಾಮಾನ್ಯವಾಗಿ ಹೇಳುವ ಗರಿಷ್ಠ ಮಿತಿ 0.8 ಓಂ, ನ್ಯೂಟ್ರಲ್ ಸೇರಿಸಿದ ಬಗೆಗೆ 0.35 ಓಂ. ಅದನ್ನು ಮೀರಿದ ಅಂಕಿ ಬಂದರೆ ಕಂಪನಿ ರಿಪೇರಿ ಮಾಡಬೇಕೋ, ಮನೆಯವರು ಸ್ವಂತ ರಾಡ್ ಹೊಡೆಸಿಕೊಳ್ಳಬೇಕೋ ಎಂಬ ವಾದ ಶುರು. ಆದರೆ ಅಲ್ಲಿನ ಎಲೆಕ್ಟ್ರಿಷಿಯನ್ನಿನ ಕೈಯಲ್ಲಿ ಒಂದು ಬಲವಿದೆ. ಅವನು ಸಹಿ ಹಾಕುವ ಪ್ರಮಾಣಪತ್ರದಲ್ಲಿ ಜಾಲದ ಕಡೆಯ ಲೂಪ್ ಅಂಕಿಗೆಂದೇ ಪ್ರತ್ಯೇಕ ಚೌಕವಿದೆ. ಆಚೆಯದು ಎಷ್ಟಿತ್ತು, ಈಚೆಯದು ಎಷ್ಟಿತ್ತು ಎಂಬುದು ಅಲ್ಲಿ ಬರಹದಲ್ಲಿ ಉಳಿಯುತ್ತದೆ.

ನಮ್ಮಲ್ಲಿ ಸಹಿ ಯಾರದು? ಸುರಕ್ಷತಾ ನಿಯಮಗಳ ಪ್ರಕಾರ ಹೊಸ ಸಂಪರ್ಕ ಕೊಡುವ ಮುನ್ನ ಸರಬರಾಜುದಾರ ಮನೆಯ ವೈರಿಂಗನ್ನು ತಾನೇ ಪರೀಕ್ಷಿಸಬೇಕು, ಇಲ್ಲವೇ ಲೈಸೆನ್ಸ್ ಪಡೆದ ಗುತ್ತಿಗೆದಾರ ಸಹಿ ಮಾಡಿ ಕೊಟ್ಟ ಪರೀಕ್ಷಾ ಫಲಿತಾಂಶವನ್ನು ಒಪ್ಪಿಕೊಳ್ಳಬಹುದು. ಎರಡನೆಯದು ಸುಲಭ. ಗುತ್ತಿಗೆದಾರನ ಕಂಪ್ಲೀಷನ್ ರಿಪೋರ್ಟಿನ ಮೇಲೆ ಮೀಟರ್ ಕೂರುತ್ತದೆ. ಆ ಸಹಿಯೊಂದಿಗೆ ಹೊಣೆಯೂ ಸದ್ದಿಲ್ಲದೆ ಆಚೆಯಿಂದ ಈಚೆಗೆ ದಾಟುತ್ತದೆ. ಸಹಿ ಹಾಕಿದವನು ಅಳತೆಯನ್ನೇ ಮಾಡಿರದಿದ್ದರೆ, ಅವನು ತನ್ನ ಅರ್ಧವನ್ನು ಮಾತ್ರವಲ್ಲ, ತಾನು ನೋಡಿಯೇ ಇರದ ಟಿಸಿಯ ಅರ್ಧವನ್ನೂ ಹೊತ್ತುಕೊಂಡಂತೆ.

ನ್ಯಾಯಾಲಯಗಳು ಜಾಲದ ಹೊಣೆಯನ್ನು ಹಗುರವಾಗಿ ಕಂಡಿಲ್ಲ. ಮಧ್ಯಪ್ರದೇಶದಲ್ಲಿ ಮಳೆಯ ನಂತರ ರಸ್ತೆಯ ಮೇಲೆ ಬಿದ್ದಿದ್ದ ಜೀವಂತ ತಂತಿಯ ಮೇಲೆ ಸೈಕಲ್ ಹಾಯಿಸಿ ಒಬ್ಬರು ಸತ್ತಾಗ, ಆ ತಂತಿ ಯಾರೋ ಕಳ್ಳತನದಿಂದ ಕರೆಂಟ್ ಎಳೆದದ್ದು ಎಂದು ಅಲ್ಲಿನ ವಿದ್ಯುತ್ ಮಂಡಳಿ ವಾದಿಸಿತು. ಸುಪ್ರೀಂ ಕೋರ್ಟ್ 2002ರಲ್ಲಿ ಆ ವಾದವನ್ನು ಒಪ್ಪಲಿಲ್ಲ. ಇಷ್ಟು ಅಪಾಯಕಾರಿ ವಸ್ತುವನ್ನು ಹಂಚುವವನು, ತನ್ನ ನಿರ್ಲಕ್ಷ್ಯ ಇಲ್ಲದಿದ್ದರೂ, ಅದರಿಂದಾದ ಹಾನಿಗೆ ಹೊಣೆ ಎಂದಿತು. ಇಂಗ್ಲೆಂಡಿನಲ್ಲಿ ಒಬ್ಬನ ಜಲಾಶಯದ ನೀರು ಪಕ್ಕದವನ ಗಣಿಗೆ ನುಗ್ಗಿದ, 1868ರಲ್ಲಿ ತೀರ್ಪಾದ ರೈಲ್ಯಾಂಡ್ಸ್–ಫ್ಲೆಚರ್ ಪ್ರಕರಣದಿಂದ ಬಂದ ತತ್ವ ಇದು. ರಸ್ತೆಯ ಮೇಲೆ ಬಿದ್ದ ತಂತಿ ಯಾರದೆಂಬುದು ಕಣ್ಣಿಗೆ ಕಾಣುತ್ತದೆ. ಮನೆಯೊಳಗಿನ ಸಾವಿನಲ್ಲಿ ಹಾಗಲ್ಲ. ಕಂಬದ ಮೇಲೆ ನ್ಯೂಟ್ರಲ್ ಕಡಿದು ಮನೆಯ ಫ್ರಿಜ್ಜಿಗೆ ಕರೆಂಟ್ ಬಂದಿದ್ದರೆ, ಲೈನ್‌ಮನ್ ಬಂದು ಜಂಪರ್ ಕಟ್ಟಿದ ಕ್ಷಣಕ್ಕೆ ಸಾಕ್ಷ್ಯವೇ ಹೋಯಿತು. ಉಳಿಯುವುದು ಮನೆಯ ಬೋರ್ಡು, ಅದರೊಳಗಿನ ಲೂಪು, ಲೂಪ್ ಹಾಕಿದವನ ಹೆಸರು. ಲೂಪ್ ಹಾಕಿದ್ದು ತಪ್ಪೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಡಿದ ನ್ಯೂಟ್ರಲ್ಲಿನ ಕಥೆ ದಾಖಲೆಯಿಂದ ಮಾಯವಾಗುವುದು ಅನ್ಯಾಯ. 2003ರ ವಿದ್ಯುತ್ ಕಾಯ್ದೆಯ 161ನೇ ಕಲಮಿನ ಪ್ರಕಾರ ವಿದ್ಯುತ್ತಿನಿಂದ ಮನುಷ್ಯನಿಗಾಗಲಿ ಪ್ರಾಣಿಗಾಗಲಿ ಸಾವುನೋವಾದರೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು. ಪರಿವೀಕ್ಷಕರು ಬರುವ ಮುನ್ನವೇ ಜಂಪರನ್ನಾಗಲಿ ಬೋರ್ಡನ್ನಾಗಲಿ ಮುಟ್ಟಬೇಕಾದರೆ ಮೊದಲು ಫೋಟೊ ತೆಗೆದಿಡುವುದು ಲೈನ್‌ಮನ್‌ಗೂ ವೈರ್‌ಮನ್‌ಗೂ ಒಳ್ಳೆಯದು.

ಪ್ರಾಣಿಗಳ ಮಾತು ಸುಮ್ಮನೆ ಸೇರಿದ್ದಲ್ಲ. ಅರ್ಥ್ ಕೆಟ್ಟ ಕಂಬಕ್ಕೆ ಫೇಸ್ ತಗುಲಿದಾಗ ಅದರ ಬುಡದ ಮಣ್ಣಿನಲ್ಲಿ ವೋಲ್ಟೇಜು ಹೆಜ್ಜೆ ಹೆಜ್ಜೆಗೂ ಇಳಿಯುತ್ತ ಹೋಗುತ್ತದೆ. ಮನುಷ್ಯನ ಎರಡು ಪಾದಗಳ ಅಂತರ ಕಡಿಮೆ, ಕಾಲಿಗೆ ಚಪ್ಪಲಿಯೂ ಇರುತ್ತದೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಒಂದೂವರೆ ಮೀಟರಿನಷ್ಟು ಅಂತರ, ನಡುವೆ ಹೃದಯ. ಮಳೆಗಾಲದಲ್ಲಿ ಕಂಬದ ಬಳಿ ಮೇಯುತ್ತಿದ್ದ ಹಸು ಸತ್ತು ಕಾಯುತ್ತಿದ್ದವರು ಉಳಿಯುವುದು ಈ ಕಾರಣದಿಂದ.

ಹೊಣೆಯ ವಾದ ಮುಗಿಯುವ ತನಕ ಜೀವ ಕಾಯುವ ಒಂದು ಸಾಧನವಿದೆ. ಬೆಳಿಗ್ಗೆ ಹಟ್ಟಿಯಿಂದ ಹೊರಟ ದನಗಳನ್ನು ಸಂಜೆ ಎಣಿಸಿ ಒಳಗೆ ಬಿಡುವ ಹಾಗೆ, ಆರ್‌ಸಿಸಿಬಿ ಫೇಸಿನಲ್ಲಿ ಹೋದ ಪ್ರವಾಹವನ್ನೂ ನ್ಯೂಟ್ರಲ್ಲಿನಲ್ಲಿ ಮರಳಿದ್ದನ್ನೂ ಹೋಲಿಸುತ್ತಲೇ ಇರುತ್ತದೆ. ಲೆಕ್ಕದಲ್ಲಿ 30 ಮಿಲಿಆಂಪಿಯರ್ ಕಡಿಮೆ ಬಂದರೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗದೊಳಗೆ ಎರಡೂ ತಂತಿಗಳನ್ನು ಕಡಿಯುತ್ತದೆ. ಇದರ ಬಹುದೊಡ್ಡ ಗುಣವೆಂದರೆ ಕಳಪೆ ಅರ್ಥಿನ ಜೊತೆಗೂ ಕೆಲಸ ಮಾಡುತ್ತದೆ. 330 ಓಂನ ಆ ಕಲ್ಲುಭೂಮಿಯ ಗುಂಡಿಯಲ್ಲಿ ಹರಿಯುವ ಸುಮಾರು 0.7 ಆಂಪಿಯರ್ ಎಂಸಿಬಿಗೆ ಏನೂ ಅಲ್ಲ, ಆರ್‌ಸಿಸಿಬಿಗೆ ಬೇಕಾದದ್ದರ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ಅರ್ಥ್ ಗುಂಡಿಯನ್ನೇ ನಂಬಿದ ನಮ್ಮಂಥ ಪದ್ಧತಿಗೆ ಇದು ಅನಿವಾರ್ಯ. ದುಃಖದ ಸಂಗತಿಯೆಂದರೆ 2010ರ ನಿಯಮಗಳು ಬಂದಾಗ 5 ಕಿಲೋವ್ಯಾಟಿಗಿಂತ ಚಿಕ್ಕ ಮನೆಸಂಪರ್ಕಗಳನ್ನು ಈ ಕಡ್ಡಾಯದಿಂದ ಹೊರಗಿಟ್ಟಿದ್ದವು. ಹಳ್ಳಿಯ ಸಣ್ಣ ಮನೆ, ಕೆಟ್ಟ ಗುಂಡಿ, ಒದ್ದೆ ನೆಲ ಇರುವುದು ಅಲ್ಲೇ. ಇನ್ನು ನಗರಗಳಲ್ಲಿ ಆರ್‌ಸಿಸಿಬಿ ಹಾಕಿಸಿಯೂ ಅದು ಪದೇ ಪದೇ ಬೀಳುತ್ತದೆಂದು ತೆಗೆಸುವುದುಂಟು. ಹೀಗೆ ಬೀಳುವುದಕ್ಕೆ ಬಹಳ ಸಲ ಕಾರಣ ಯುಪಿಎಸ್ ವೈರಿಂಗಿನಲ್ಲಿ ನ್ಯೂಟ್ರಲ್ ಬೆರೆತಿರುವುದು, ಇಲ್ಲವೇ ನಿಜವಾದ ಸೋರಿಕೆ. ಎರಡಕ್ಕೂ ಮದ್ದು ದೋಷ ಹುಡುಕುವುದು, ಆರ್‌ಸಿಸಿಬಿಯನ್ನು ಬೈಪಾಸ್ ಮಾಡುವುದಲ್ಲ.

ವೈರಿಂಗ್ ಮಾಡಿಸುವವರಲ್ಲಿ ನನ್ನದೊಂದು ಬೇಡಿಕೆ. ಕೆಲಸ ಮುಗಿದ ದಿನ ವೈರ್‌ಮನ್‌ಗೆ ಹಣ ಎಣಿಸುವ ಮುನ್ನ, ನಿಮ್ಮ ಗುಂಡಿಯ ಅಡೆತಡೆ ಎಷ್ಟು, ಸಾಕೆಟ್ಟಿನಲ್ಲಿ ಅಳೆದ ಇಡೀ ಲೂಪಿನ ಅಂಕಿ ಎಷ್ಟು ಎಂದು ಕೇಳಿ, ದಿನಾಂಕದೊಂದಿಗೆ ಬರೆಸಿಕೊಳ್ಳಿ. ಅಳೆಯುವ ಉಪಕರಣ ಅವರಲ್ಲಿಲ್ಲದಿದ್ದರೆ ಬಾಡಿಗೆಗೆ ತರಿಸಿ, ಆ ಖರ್ಚು ನೀವೇ ಕೊಡಿ. ಗುಂಡಿಯ ಅಂಕಿ ಚೆನ್ನಾಗಿದ್ದು ಲೂಪಿನದು ಕೆಟ್ಟಿದ್ದರೆ ಮೊದಲು ಮನೆಯ ಅರ್ಥ್ ವೈರಿನ ಜೋಡಣೆಗಳನ್ನು ನೋಡಿಸಿ. ಅವೂ ಸರಿಯಿದ್ದರೆ ದೋಷ ಆಚೆಗಿದೆ. ಆಗ ಸೆಕ್ಷನ್ ಆಫೀಸಿಗೆ ಬಾಯಿಮಾತಿನಲ್ಲಿ ಹೇಳಬೇಡಿ. ಎರಡೂ ಅಂಕಿಗಳನ್ನು ನಮೂದಿಸಿ, ಸರಬರಾಜುದಾರರು ಕೊಡಬೇಕಾದ ಅರ್ಥ್ ಟರ್ಮಿನಲ್ಲನ್ನೂ ಕೇಳಿ ಅರ್ಜಿ ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.